ಶೌಚವೆಂಬ ಋಣ

ಪತಂಜಲಿ ಮಹರ್ಷಿಗಳು ಯೋಗದ ಎಂಟು ಅಂಗಗಳನ್ನು ಹೇಳುವಾಗ ಮೊದಲ ಎರಡನ್ನು ಯಮವೆಂದೂ ನಿಯಮವೆಂದೂ ವಿಂಗಡಿಸಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದು ಯಮಗಳು. ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ ಎಂಬ ಐದು ನಿಯಮಗಳು. ಯಮಗಳು ಬಹುಮಟ್ಟಿಗೆ ನಾವು ಪರರೊಡನೆ ನಡೆದುಕೊಳ್ಳತಕ್ಕ ರೀತಿಯನ್ನು ಕುರಿತವು. ನಿಯಮಗಳು ನಮ್ಮನ್ನು ನಾವೇ ತಿದ್ದಿಕೊಳ್ಳುವ ಸಾಧನೆಯನ್ನು ಕುರಿತವು. ಈ ಏರ್ಪಾಟಿನಲ್ಲಿ ಶೌಚವು ನಿಯಮಗಳ ಸಾಲಿನ ಮೊದಲಲ್ಲಿ ಕುಳಿತಿದೆ. ಎಂದರೆ ಅದು ತನ್ನ ಮಟ್ಟಿನ ಗುಣ, ಒಬ್ಬನು ತನಗಾಗಿ ತಾನು ನಡೆಸುವ ವ್ರತ. ಶೌಚದಿಂದ ಬರುವ ಫಲವೇನೆಂದರೆ, ತನ್ನ ದೇಹದಲ್ಲಿಯೇ ಒಂದು ಬಗೆಯ ಜುಗುಪ್ಸೆಯೂ ಪರರ ಸಂಸರ್ಗದಿಂದ ನಿವೃತ್ತಿಯೂ ಎಂದು ಆ ಶಾಸ್ತ್ರವೇ ಹೇಳುತ್ತದೆ. ಕಾಡಿನಲ್ಲಿ ಒಬ್ಬನೇ ಕುಳಿತ ಯೋಗಿಯ ವಿಷಯದಲ್ಲಿ ಈ ಮಾತಿಗೆ ಆಕ್ಷೇಪಣೆಯಿಲ್ಲ. ಬೀದಿಯಲ್ಲಿ ಮನೆ ಮಾಡಿಕೊಂಡು, ಹತ್ತು ಮನೆಯ ನೀರು ಹರಿಯುವ ನಲ್ಲಿಗೆ ಬಿಂದಿಗೆಯೊಡ್ಡುವ ಗೃಹಸ್ಥನಿಗೂ ಶೌಚವು ನಿಯಮವೇ ಆಗಿ ಉಳಿಯುತ್ತದೆಯೋ, ಅಥವಾ ಅಹಿಂಸೆಯ ಪಕ್ಕದಲ್ಲಿ ಯಮಗಳ ಪಂಕ್ತಿಗೆ ಹೋಗಿ ಕೂರಬೇಕಾಗುತ್ತದೆಯೋ ಎಂಬುದು ನಾನು ಇಲ್ಲಿ ಕೇಳಬೇಕೆಂದಿರುವ ಪ್ರಶ್ನೆ.

ಪಂಡಿತರ ವಿನೋದಕ್ಕಾಗಿ ಇದನ್ನು ಎತ್ತಿಲ್ಲ. 2023ನೆಯ ಇಸವಿಯ ಅಧಿಕ ಶ್ರಾವಣದಲ್ಲಿ, ಎಂದರೆ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ, ನಮ್ಮ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ನೀರು ಕುಡಿದ ಜನ ವಾಂತಿಭೇದಿಗೆ ಸಿಕ್ಕಿದರು. ನೂರಕ್ಕಿಂತ ಹೆಚ್ಚು ಮಂದಿ ಆಸ್ಪತ್ರೆ ಸೇರಬೇಕಾಯಿತು. ಕೆಲವರು ಮನೆಗೆ ಹಿಂದಿರುಗಲಿಲ್ಲ. ದಲಿತ ಕುಟುಂಬಗಳು ಬಾಳುವ ಬೀದಿಗಳವು. ಯಾರೋ ನೀರಿಗೆ ವಿಷ ಬೆರೆಸಿದರೆಂಬ ಶಂಕೆ ಮೊದಲು ಹಬ್ಬಿತು. ಅನಂತರ, ಪರೀಕ್ಷೆಗೆ ಕಳುಹಿಸಿದ ಮಾದರಿಗಳಲ್ಲಿ ಕಾಲರಾ ರೋಗಾಣು ಕಂಡುಬಂದಿತೆಂದು ಪತ್ರಿಕೆಗಳು ವರದಿಮಾಡಿದವು.

ವಿಷ ಬೆರೆಸಿದವನೊಬ್ಬನು ಸಿಕ್ಕಿದ್ದರೆ ಧರ್ಮವಿಚಾರವು ಎಷ್ಟು ಸುಲಭವಾಗುತ್ತಿತ್ತು! ಅವನಿಗೆ ದ್ವೇಷವಿತ್ತು, ಅವನು ಕೃತ್ಯವೆಸಗಿದನು, ಅವನಿಗೆ ದಂಡನೆಯಾಗಲಿ ಎಂದು ಹೇಳಿ ಉಳಿದವರೆಲ್ಲ ಕೈ ತೊಳೆದುಕೊಂಡು ಊಟಕ್ಕೆ ಕೂರಬಹುದಾಗಿತ್ತು. ಆ ಶಂಕೆಗೂ ಕಾರಣವಿಲ್ಲದೆ ಇರಲಿಲ್ಲ. ಶತಮಾನಗಳ ಕಾಲ ಬಾವಿಯಿಂದ ದೂರವಿಡಲ್ಪಟ್ಟ ಜನರಿಗೆ ನೀರಿನ ವಿಷಯದಲ್ಲಿ ನೆರೆಯವರನ್ನು ನಂಬುವುದು ಸುಲಭವಲ್ಲ. ಆದರೆ ಕೊಲ್ಲಬೇಕೆಂಬ ಸಂಕಲ್ಪ ಎಲ್ಲಿಯೂ ಇಲ್ಲದೆ ಸಾವು ಸಂಭವಿಸಿದಾಗ ನಮ್ಮ ನ್ಯಾಯಬುದ್ಧಿಯು ಎತ್ತ ತಿರುಗಬೇಕು? ಇದನ್ನು ತಿಳಿಯುವುದಕ್ಕೆ ಆ ರೋಗಾಣುವು ಮನುಷ್ಯನ ಕರುಳಿನಲ್ಲಿ ಏನು ಮಾಡುತ್ತದೆಂಬುದನ್ನು ಸ್ವಲ್ಪ ಸಾವಕಾಶವಾಗಿ ನೋಡುವುದು ಅಗತ್ಯ. ಈ ರೋಗದ ನಡವಳಿಕೆಯಲ್ಲಿಯೇ ನಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಬಹುಭಾಗ ಅಡಗಿದೆಯೆಂದು ನನ್ನ ಎಣಿಕೆ.

ಹಳೆಯ ವೈದ್ಯಗ್ರಂಥಗಳು ವಿಷೂಚಿಕೆಯೆಂದೂ ನಮ್ಮ ಜನ ವಾಂತಿಭೇದಿಯೆಂದೂ ಕರೆದ ಈ ವ್ಯಾಧಿಯ ಬೀಜವು ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಒಂದು ಕಡ್ಡಿ. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲಿನಷ್ಟು ಉದ್ದ. ಹಿಂದೆ ಒಂದೇ ಒಂದು ಬಾಲ. ಅದನ್ನು ತಿರುಗಿಸುತ್ತ ಈಜುತ್ತದೆ. ಉಪ್ಪುನೀರೂ ಸಿಹಿನೀರೂ ಕೂಡುವ ಅಳಿವೆಗಳೇ ಇದರ ತವರು. ಅಲ್ಲಿ ಸಣ್ಣ ನೀರುಹುಳುಗಳ ಚಿಪ್ಪಿಗೆ ಅಂಟಿಕೊಂಡು, ಮನುಷ್ಯನೆಂಬ ಪ್ರಾಣಿಯೊಬ್ಬನಿದ್ದಾನೆಂಬುದರ ಗೊಡವೆಯೇ ಇಲ್ಲದೆ ಬಾಳಬಲ್ಲದು. ದುರ್ಗದ ಸೀಮೆಯಲ್ಲಿ ಅಳಿವೆಗಳಿಲ್ಲ. ಇಲ್ಲಿ ಅದು ಕಾಣಿಸಿಕೊಂಡಿತೆಂದರೆ ಬಹುಮಟ್ಟಿಗೆ ಒಬ್ಬ ಮನುಷ್ಯನ ಕರುಳಿನಿಂದ ಮತ್ತೊಬ್ಬನ ಬಾಯಿಗೆ ದಾರಿ ಸಿಕ್ಕಿತೆಂದೇ ಅರ್ಥ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಒಳಹೊಕ್ಕ ಅಣುಜೀವಿಗಳಿಗೆ ಎದುರಾಗುವ ಮೊದಲ ಕಾವಲು ಜಠರದ ಆಮ್ಲ. ಅಲ್ಲಿ ಅವುಗಳಲ್ಲಿ ಬಹುಪಾಲು ಸಾಯುತ್ತವೆ. ಆಮ್ಲವು ಚೆನ್ನಾಗಿರುವ ಆರೋಗ್ಯವಂತನನ್ನು ಕೆಡಹಲು ಕೋಟಿಗಟ್ಟಲೆ ಜೀವಿಗಳು ಬೇಕು. ಆಮ್ಲವು ಕುಗ್ಗಿದ್ದರೆ ಅದಕ್ಕಿಂತ ಬಹಳ ಕಡಿಮೆ ಸಾಕು. ಬಹುಕಾಲದ ಅರೆಹೊಟ್ಟೆಯು ಈ ಆಮ್ಲವನ್ನು ಕುಗ್ಗಿಸುತ್ತದೆ. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876ರಿಂದ 1878ರ ವರೆಗೆ, ಮೈಸೂರು ಸೀಮೆಯಲ್ಲಿ ಹಸಿವಿನ ಹಿಂದೆಯೇ ಕಾಲರಾ ನಡೆದು ಬಂದುದಕ್ಕೆ ಕೆಟ್ಟ ನೀರಿನಷ್ಟೇ ಇದೂ ಒಂದು ಕಾರಣವೆಂದು ಊಹಿಸಬಹುದು: ಹಸಿದವನ ಕೋಟೆಯ ಹೆಬ್ಬಾಗಿಲಿನಲ್ಲಿ ಕಾವಲುಗಾರನೇ ಇರಲಿಲ್ಲ.

ಉಳಿದ ಕೆಲವು ಸಣ್ಣ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬೆಚ್ಚಗೆ, ಪಿತ್ತ, ಲವಣ ಮುಂತಾದುವುಗಳಿಂದ ತಾವು ಎಲ್ಲಿಗೆ ಬಂದಿದ್ದೇವೆಂಬುದನ್ನು ಅರಿತಂತೆ ಅವು ತಮ್ಮ ನಡವಳಿಕೆಯನ್ನು ಬದಲಾಯಿಸುತ್ತವೆ. ಅಲ್ಲಿಯ ವರೆಗೆ ಸುಮ್ಮನಿದ್ದ ಕೆಲವು ಜೀನುಗಳು ಎಚ್ಚರಗೊಳ್ಳುತ್ತವೆ. ಲೋಳೆಯ ಪದರವನ್ನು ಈಜಿ ದಾಟಿ, ನೂಲಿನಂಥ ಎಳೆಗಳನ್ನು ಹೊರಡಿಸಿ, ಒಂದಕ್ಕೊಂದು ಹೆಣೆದುಕೊಂಡು ಕರುಳಿನ ಗೋಡೆಯ ಮೇಲೆ ಬಿಡಾರ ಹೂಡುತ್ತವೆ. ಇಷ್ಟಾದರೂ ಅವು ಗೋಡೆಯನ್ನು ಕೊರೆಯುವುದಿಲ್ಲ, ರಕ್ತಕ್ಕೆ ನುಗ್ಗುವುದಿಲ್ಲ. ಜಗಲಿಯ ಮೇಲೆ ಕುಳಿತ ಅತಿಥಿಯಂತೆ ಹೊರಗೇ ಇದ್ದು ಒಂದು ವಿಷವನ್ನು ಮಾತ್ರ ಒಳಗೆ ಕಳುಹಿಸುತ್ತವೆ.

ಆ ವಿಷದ ಕಥೆ ಸೋಜಿಗವಾದದ್ದು. ಅದಕ್ಕೆ ಎರಡು ಭಾಗ. ಐದು ತುಂಡುಗಳು ಕೂಡಿದ ಉಂಗುರದಂಥ ಭಾಗವು ಕರುಳಿನ ಜೀವಕೋಶದ ಹೊರಮೈಯಲ್ಲಿರುವ ಜಿಎಂ1 ಎಂಬ, ಸಕ್ಕರೆ ಬೆರೆತ ಕೊಬ್ಬಿನ ಅಣುವನ್ನು ಹಿಡಿದುಕೊಳ್ಳುತ್ತದೆ. ಜೀವಕೋಶವು ತಾನಾಗಿಯೇ ಅದನ್ನು ಒಳಕ್ಕೆ ಎಳೆದುಕೊಂಡು ತನ್ನದೇ ಒಳದಾರಿಗಳಲ್ಲಿ ಹೊತ್ತು ಸಾಗಿಸುತ್ತದೆ. ಒಳಗೆ ಎರಡನೆಯ ಭಾಗವು ಬೇರೆಯಾಗಿ, ಕೆಟ್ಟುಹೋದ ಮನೆಯ ಪ್ರೋಟೀನಿನ ವೇಷ ಹಾಕಿಕೊಂಡು, ಕಸ ಎಸೆಯುವ ಬಾಗಿಲಿನಿಂದಲೇ ಜೀವಕೋಶದ ನಡುಮನೆಗೆ ಬರುತ್ತದೆ. ಅಲ್ಲಿ ‘ತೆರೆ’ ಎಂದು ಅಪ್ಪಣೆ ಕೊಟ್ಟು, ಕೆಲಸವಾದೊಡನೆ ತಾನೇ ಸುಮ್ಮನಾಗಿಬಿಡುವ ಒಂದು ಪ್ರೋಟೀನು ಉಂಟು. ವಿಷವು ಅದಕ್ಕೆ ಒಂದು ಚಿಕ್ಕ ತುಣುಕನ್ನು ಅಂಟಿಸುತ್ತದೆ, ಅಷ್ಟೆ. ಇನ್ನು ಅದು ಸುಮ್ಮನಾಗಲಾರದು. ‘ತೆರೆ, ತೆರೆ’ ಎಂಬ ಅಪ್ಪಣೆ ನಿಲ್ಲುವುದೇ ಇಲ್ಲ. ಸೈಕ್ಲಿಕ್ ಎಎಂಪಿ ಎಂಬ ದೂತವಸ್ತು ಜೀವಕೋಶದಲ್ಲಿ ತುಂಬಿಹೋಗುತ್ತದೆ. ಕ್ಲೋರೈಡಿನ ಬಾಗಿಲುಗಳು ಅಗಳಿ ಕಿತ್ತಂತೆ ತೆರೆದುಕೊಳ್ಳುತ್ತವೆ. ಕ್ಲೋರೈಡಿನ ಹಿಂದೆ ಸೋಡಿಯಂ, ಅದರ ಹಿಂದೆ ನೀರು.

ಆರೋಗ್ಯದಲ್ಲಿಯೂ ನಮ್ಮ ಸಣ್ಣ ಕರುಳಿನ ಮೂಲಕ ದಿನಕ್ಕೆ ಸುಮಾರು 8-9 ಲೀಟರ್ ದ್ರವ ಹಾದುಹೋಗುತ್ತದೆ. ಕುಡಿದುದು ಸ್ವಲ್ಪ, ದೇಹವೇ ಸುರಿಸಿದುದು ಹೆಚ್ಚು. ಅದರಲ್ಲಿ ಬಹುಪಾಲನ್ನು ಕರುಳು ಹಿಂದಕ್ಕೆ ಹೀರಿಕೊಳ್ಳುತ್ತದೆ. ಈ ಕೊಡುಕೊಳ್ಳುವ ಲೆಕ್ಕವು ಕಾಲರಾದಲ್ಲಿ ಒಂದೇ ಕಡೆಗೆ ವಾಲಿಬಿಡುತ್ತದೆ. ರೋಗವು ತೀವ್ರವಾದಾಗ ಗಂಟೆಗೆ ಒಂದು ಲೀಟರಿನ ವರೆಗೂ ನೀರು ಹೊರಟುಹೋಗಬಹುದು. ಕಣ್ಣು ಗುಳಿಬೀಳುತ್ತದೆ, ದನಿ ಉಡುಗುತ್ತದೆ, ಬೆರಳಿನ ಚರ್ಮ ಬಹಳ ಹೊತ್ತು ಬಟ್ಟೆ ಒಗೆದವಳದರಂತೆ ಸುಕ್ಕುಗಟ್ಟುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಹೀಗೆ ತೀವ್ರವಾಗಿ ಬಿದ್ದವರಲ್ಲಿ ಅರ್ಧದಷ್ಟು ಜನ ಸಾಯುತ್ತಾರೆ. ಬೆಳಗ್ಗೆ ಹೊಲಕ್ಕೆ ಹೋದವನು ಸಂಜೆಗಿಲ್ಲವೆಂಬ ಹಳಬರ ಮಾತು ಉತ್ಪ್ರೇಕ್ಷೆಯಲ್ಲ.

ಇಲ್ಲಿ ಕೊಂದವರು ಯಾರು? ಅಣುಜೀವಿಯು ಒಂದು ಜೀವಕೋಶವನ್ನೂ ತಿನ್ನಲಿಲ್ಲ. ನೀರನ್ನು ಹೊರಹಾಕಿದ್ದು ಕರುಳೇ, ಅದೂ ತನ್ನ ನಿತ್ಯದ ಬಾಗಿಲುಗಳಿಂದಲೇ. ವಿಷವನ್ನು ಹೊತ್ತು ಒಳಗೆ ತಂದದ್ದೂ ಅದೇ. ಇನ್ನು ವಿಷವಾದರೂ ಆ ಜೀವಿಯ ಸ್ವಂತ ಸೊತ್ತೋ ಎಂದರೆ ಅದೂ ಅಲ್ಲ: ಬ್ಯಾಕ್ಟೀರಿಯಗಳಿಗೂ ತಗಲುವ ಒಂದು ವೈರಸ್ಸು ಆ ವಿಷದ ಜೀನನ್ನು ಹೊತ್ತು ತಂದು ಅದರೊಳಗೆ ಸೇರಿಸುತ್ತದೆಂಬುದು 1996ರಲ್ಲಿ ಪ್ರಕಟವಾದ ಶೋಧನೆ. ಆ ವೈರಸ್ಸು ತಗಲದ ಕಡ್ಡಿಗೆ ಈ ವಿಷ ಮಾಡಲು ಬಾರದು. ದೋಷಿಯನ್ನು ಹುಡುಕುತ್ತ ಹೋದವನಿಗೆ ಒಂದು ಬಾಗಿಲ ಹಿಂದೆ ಮತ್ತೊಂದು ಬಾಗಿಲು ಸಿಕ್ಕುತ್ತದೆಯೇ ಹೊರತು ಸಂಕಲ್ಪವುಳ್ಳ ಕರ್ತೃವು ಎಲ್ಲಿಯೂ ಸಿಕ್ಕುವುದಿಲ್ಲ. ವಿಷದಿಂದಲೇ ಈ ರೋಗವೆಂದು ತೋರಿಸಿದವರು ಕಲ್ಕತ್ತೆ ವೈದ್ಯ ಕಾಲೇಜಿನ ಶಂಭುನಾಥ ದೇ ಅವರು, 1959ರಲ್ಲಿ. ಅಣುಜೀವಿಗಳನ್ನು ಸೋಸಿ ತೆಗೆದ ಬರಿಯ ದ್ರವವನ್ನು ಮೊಲದ ಕರುಳಿನ ಕಟ್ಟಿದ ಕುಣಿಕೆಯೊಳಗೆ ಹಾಕಿದಾಗಲೂ ಅದು ನೀರಿನಿಂದ ಉಬ್ಬಿತು. ಸ್ವದೇಶದಲ್ಲಿ ಅವರ ಹೆಸರು ಈಗಲೂ ಬಲ್ಲವರಿಗಷ್ಟೇ ತಿಳಿದಿದೆಯೆಂಬುದು ಬೇರೊಂದು ಲೇಖನಕ್ಕೆ ಸಾಕಾಗುವ ವಿಷಾದ.

ಈಗ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದ ಒಂದು ವಿಷಯಕ್ಕೆ ಬರೋಣ. ಇಷ್ಟು ನೀರನ್ನು ದೇಹವು ಹೊರಚೆಲ್ಲುವುದು ಯಾರ ಹಿತಕ್ಕಾಗಿ? ದೇಹವು ಶತ್ರುವನ್ನು ತೊಳೆದು ಓಡಿಸುತ್ತಿದೆಯೆಂದು ತೋರಬಹುದು. ಅಣುಜೀವಿಯ ಕಡೆಯಿಂದ ನೋಡಿದರೆ ಇದು ಪ್ರಯಾಣದ ಸಿದ್ಧತೆ. ಗೋಡೆಯ ಮೇಲೆ ತಮ್ಮ ಸಂಖ್ಯೆ ಸಾಕಷ್ಟು ಬೆಳೆದಾಗ ಈ ಜೀವಿಗಳು ಪರಸ್ಪರ ಹೊರಬಿಟ್ಟ ರಾಸಾಯನಿಕ ಸಂಕೇತಗಳಿಂದ ಅದನ್ನು ತಿಳಿದುಕೊಂಡು, ವಿಷ ಮಾಡುವುದನ್ನು ತಗ್ಗಿಸಿ, ಅಂಟನ್ನು ಸಡಿಲಿಸಿ, ಗೋಡೆಯನ್ನು ಬಿಟ್ಟು ಹೊರಡುತ್ತವೆ. ಅಕ್ಕಿ ತೊಳೆದ ನೀರಿನಂತಿರುವ ಭೇದಿಯಲ್ಲಿ ಹೊರಬಿದ್ದ ಜೀವಿಗಳು ಪ್ರಯೋಗಶಾಲೆಯಲ್ಲಿ ಬೆಳೆಸಿದವುಗಳಿಗಿಂತ ಹೆಚ್ಚು ಬಲವಾಗಿ ಮುಂದಿನವನಿಗೆ ತಗಲುತ್ತವೆಂದೂ, ಈ ಬಲವು ಕೆಲವು ಗಂಟೆಗಳ ಕಾಲ ಉಳಿಯುತ್ತದೆಂದೂ 2002ರಲ್ಲಿ ಬಾಂಗ್ಲಾದೇಶದ ರೋಗಿಗಳಿಂದ ಪಡೆದ ಮಾದರಿಗಳಿಂದ ತಿಳಿದುಬಂದಿತು. ಹೀಗೆ ದೇಹವು ತನ್ನನ್ನು ಶುದ್ಧಿಮಾಡಿಕೊಳ್ಳುವ ಕ್ರಿಯೆಯೇ ನೆರೆಯವನ ಮೇಲಿನ ದಾಳಿಯಾಗುತ್ತದೆ. ತನ್ನ ಮಟ್ಟಿನ ಶೌಚವೆಂಬುದನ್ನು ನಾನು ಸಂಶಯಿಸಲು ಈ ಒಂದು ಸಂಗತಿಯೇ ಸಾಕು.

ನಮ್ಮ ಕಡೆಯ ಹೋಳಿಗೆಮ್ಮನ ಹಬ್ಬವನ್ನು ಇಲ್ಲಿ ನೆನೆಯದಿರಲಾರೆ. ಆಷಾಢದಲ್ಲಿ ಹೆಂಗಸರು ಹೋಳಿಗೆಯ ಎಡೆಯನ್ನು ಬೇವಿನ ಸೊಪ್ಪಿನೊಡನೆ ಮೊರದಲ್ಲಿಟ್ಟು ತರುತ್ತಾರೆ. ರೋಗರುಜಿನಗಳ ತಾಯಿಯನ್ನು ಪೂಜಿಸಿ, ಉಣಿಸಿ, ಊರಿನ ಗಡಿಗೆ ಕಳುಹಿಸಿ ಬರುತ್ತಾರೆ. ಇದನ್ನು ಮೂಢಭಕ್ತಿಯೆಂದು ನಗುವ ವಿದ್ಯಾವಂತರ ಜೊತೆ ನಾನು ನಗಲಾರೆ. ರೋಗವನ್ನು ಶತ್ರುವೆನ್ನದೆ, ಬಂದು ಹೋಗತಕ್ಕ ತಾಯಿಯೆಂದು ಕರೆದು ಸಿಹಿಯಿಕ್ಕಿ ಬೀಳ್ಕೊಡುವ ಆ ಮನಸ್ಸಿನಲ್ಲಿ, ದೋಷಿಯೊಬ್ಬನನ್ನು ಹಿಡಿದೇ ತೀರಬೇಕೆಂಬ ಕ್ರೋಧಕ್ಕಿಂತ ಹೆಚ್ಚಿನ ವಿವೇಕವಿದೆ. ಸಂಕಲ್ಪವಿಲ್ಲದ ವಸ್ತುವಿನ ಮೇಲೆ ಅವರು ದ್ವೇಷ ಹೊರಿಸಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಗಡಿಯ ಆಚೆಗೆ ಏನಿದೆ? ಗಡಿಯ ಆಚೆಗೂ ಊರೇ ಇದೆ. ಹಿಂದಿನ ಕಾಲದಲ್ಲಿ ಒಂದು ಊರಿನವರು ಗಡಿಯಲ್ಲಿ ಬಿಟ್ಟ ಮಾರಿಯನ್ನು ಮುಂದಿನ ಊರಿನವರು ತಮ್ಮ ಗಡಿ ದಾಟಿಸುತ್ತಿದ್ದರು. ಅವರ ಮುಂದಿನವರು ಮತ್ತೂ ಮುಂದಕ್ಕೆ. ಕೊನೆಯ ಊರು ಯಾವುದೆಂದು ಯಾರೂ ಕೇಳಿದಂತಿಲ್ಲ. ಮನೆಯ ಕೊಳಕನ್ನು ಬಚ್ಚಲ ತೂತಿನ ಆಚೆಗೆ ಕಳುಹಿಸಿ ‘ಶುದ್ಧವಾಯಿತು’ ಎನ್ನುವ ನಾವು ದಿನವೂ ಅದೇ ಹಬ್ಬವನ್ನು ಪೂಜೆಯಿಲ್ಲದೆ, ಹೋಳಿಗೆಯಿಲ್ಲದೆ ನಡೆಸುತ್ತಿದ್ದೇವೆ.

ನೀರಿಗಂತೂ ಗಡಿಯೆಂಬುದಿಲ್ಲ. ದುರ್ಗದ ಬೆಟ್ಟದ ಮೇಲಿನ ಹೊಂಡಗಳನ್ನು ನೋಡಿದವರು ಇದನ್ನು ಬಲ್ಲರು: ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ, ಸಿಹಿನೀರು ಹೊಂಡ, ಪೇಟೆಯ ಸಂತೆಹೊಂಡ, ಮೇಲಿನದರಲ್ಲಿ ಹೆಚ್ಚಾದುದು ಕೆಳಗಿನದಕ್ಕೆ ಇಳಿಯುವಂತೆ ಹಳಬರು ನೀರಿನ ದಾರಿಗಳನ್ನು ನಡೆಸಿದರು. ಮೇಲಿನವನ ಶೌಚವೇ ಕೆಳಗಿನವನ ಆರೋಗ್ಯ ಎಂಬುದನ್ನು ಆ ಕಲ್ಲಿನ ಏರ್ಪಾಟು ಒಂದು ಸೂತ್ರವನ್ನೂ ಬರೆಯದೆ ಹೇಳುತ್ತದೆ. ಬೆಟ್ಟವನ್ನು ಬಿಟ್ಟು ಹೊಳೆಗೆ ಬಂದರೂ ಅದೇ ಮಾತು. ವೇದಾವತಿಯು ಹೊಸದುರ್ಗದ ಸೀಮೆಯನ್ನು ಹಾದು ಬಂದು ಹಿರಿಯೂರಿನ ಬಳಿ ವಾಣೀವಿಲಾಸಸಾಗರವಾಗಿ ನಿಲ್ಲುತ್ತದೆ. 1907ರಲ್ಲಿ ಮುಗಿದ ಆ ಕಟ್ಟೆಯು 1933ರ ತರುವಾಯ 2022ರಲ್ಲಿ ಮತ್ತೆ ಕೋಡಿಬಿದ್ದಾಗ ಸೀಮೆಗೆ ಸೀಮೆಯೇ ನೋಡಲು ನೆರೆದುದನ್ನು ಯಾರು ಮರೆತಾರು! ಹಿರಿಯೂರಿನವರೂ ಚಿತ್ರದುರ್ಗದವರೂ ಕುಡಿಯುವುದು ಆ ನೀರನ್ನು. ಆ ಜಾಗಕ್ಕೆ ಜನ ಇಟ್ಟ ಹೆಸರು ಮಾರಿಕಣಿವೆ. ಕಣಿವೆಯ ಮಾರಮ್ಮ ಅಲ್ಲಿಯ ದೇವತೆ. ಗಡಿಯಾಚೆಗೆ ಕಳುಹಿಸಿದ ಅಮ್ಮನು ನಮ್ಮ ನೀರಿನ ಬಾಗಿಲಿನಲ್ಲಿಯೇ ಕುಳಿತಿರುವುದು ಆಕಸ್ಮಿಕವಾದರೂ ಯೋಚಿಸತಕ್ಕ ಆಕಸ್ಮಿಕ.

ಇಷ್ಟಕ್ಕೆ ಒಬ್ಬ ಶಾಸ್ತ್ರಜ್ಞರು ಆಕ್ಷೇಪಿಸಬಹುದು: ‘ನಮ್ಮ ಪೂರ್ವಿಕರು ಇದನ್ನು ಅರಿಯದವರೇನು? ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿಯೇ ನೀರಿನಲ್ಲಿ ಮಲಮೂತ್ರಗಳನ್ನು ಬಿಡಬಾರದೆಂಬ ನಿಷೇಧವಿದೆಯಲ್ಲ.’ ಇದೆ, ನಿಜ. ಆ ನಿಷೇಧವನ್ನು ನಾವು ಮಡಿಯಷ್ಟೇ ಶ್ರದ್ಧೆಯಿಂದ ನಡೆಸಿಕೊಂಡು ಬಂದಿದ್ದರೆ ನಾನು ಈ ಲೇಖನವನ್ನು ಬರೆಯಬೇಕಾಗಿರಲಿಲ್ಲ. ನಡೆದುದೇ ಬೇರೆ. ನೀರಿಗೆ ಏನು ಬಿದ್ದಿತೆಂಬುದಕ್ಕಿಂತ ಯಾರು ಮುಟ್ಟಿದರೆಂಬುದು ದೊಡ್ಡದಾಯಿತು. 1927ರ ಮಾರ್ಚಿಯಲ್ಲಿ ಮಹಾಡಿನ ಚೌದಾರ್ ಕೆರೆಯ ನೀರನ್ನು ಡಾಕ್ಟರ್ ಅಂಬೇಡ್ಕರರೂ ಅವರ ಸಂಗಡಿಗರೂ ಬೊಗಸೆಯಲ್ಲೆತ್ತಿ ಕುಡಿದ ಬಳಿಕ, ಅಲ್ಲಿನ ಸವರ್ಣೀಯರು ಕೆರೆಗೆ ಗೋಮಯವನ್ನೂ ಗೋಮೂತ್ರವನ್ನೂ ಕೊಡಗಟ್ಟಲೆ ಸುರಿಸಿ ‘ಶುದ್ಧಿ’ ಮಾಡಿದರು. ಕುಡಿಯುವ ನೀರಿಗೆ ಮಲವನ್ನು ಸುರಿದು ಅದನ್ನು ಶೌಚವೆಂದು ಕರೆದ ಆ ದಿನ, ಶೌಚವನ್ನು ಸ್ವಂತದ ಗುಣವೆಂದು ತಿಳಿದುದರ ಕೊನೆಯ ಮಜಲು ಕಣ್ಣಿಗೆ ಕಾಣಿಸಿತು. ಒಳಕ್ಕೆ ಬರುವುದನ್ನು ಕಾಯುವುದರಲ್ಲಿ ನಾವು ಎಷ್ಟು ಸೂಕ್ಷ್ಮರೋ, ಹೊರಕ್ಕೆ ಹೋಗುವುದರ ವಿಷಯದಲ್ಲಿ ಅಷ್ಟೇ ಸ್ಥೂಲರು. ಮಡಿಯುಟ್ಟವನಿಗೆ ಸೋಂಕು ಬಂದೀತೆಂಬ ಭಯವುಂಟು. ತನ್ನಿಂದ ಸೋಂಕು ಹೋದೀತೆಂಬ ಭಯವನ್ನು ಅವನಿಗೆ ಯಾರೂ ಕಲಿಸಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. ಕಾಲರಾ ರೋಗಾಣು ಹೊಕ್ಕವರಲ್ಲಿ ಹೆಚ್ಚಿನವರಿಗೆ ರೋಗದ ಚಿಹ್ನೆಯೇ ಇರುವುದಿಲ್ಲ, ಇದ್ದರೂ ಅಲ್ಪ. ಹಾಗಿದ್ದೂ ಒಂದರಿಂದ ಹತ್ತು ದಿನಗಳ ವರೆಗೆ ಅವರ ಮಲದಲ್ಲಿ ರೋಗಾಣುಗಳು ಹೊರಬೀಳುತ್ತಲೇ ಇರುತ್ತವೆ. ಉಂಡು, ತಿರುಗಾಡಿ, ನಗುತ್ತಿರುವ ಮನುಷ್ಯನು ತನಗೇ ತಿಳಿಯದೆ ಮರಣವನ್ನು ಹಂಚುತ್ತಿರಬಹುದು. ತಿಳಿಯದೆ ಮಾಡಿದುದಕ್ಕೆ ಪಾಪವೆಲ್ಲಿಯದು? ಸಂಕಲ್ಪವಿಲ್ಲದ ಕಡೆ ಹಿಂಸೆಯೆಂಬ ಹೆಸರು ಹೇಗೆ ಸಲ್ಲುತ್ತದೆ? ಸಲ್ಲದಿದ್ದರೆ ಶೌಚವನ್ನು ಅಹಿಂಸೆಯ ಪಂಕ್ತಿಯಲ್ಲಿ ಕೂರಿಸುವುದು ಹೇಗೆ?

ನನಗೆ ತೋರುವುದೇನೆಂದರೆ, ಇಲ್ಲಿ ಪಾಪವೆಂಬ ಶಬ್ದವನ್ನು ಬಿಟ್ಟು ಋಣವೆಂಬ ಶಬ್ದವನ್ನು ಹಿಡಿಯಬೇಕು. ಪಾಪವು ಸಂಕಲ್ಪದಿಂದ ಹುಟ್ಟುತ್ತದೆ. ಋಣವು ಹುಟ್ಟಿನಿಂದಲೇ ಬರುತ್ತದೆ. ದೇವಋಣ, ಋಷಿಋಣ, ಪಿತೃಋಣಗಳೆಂದು ನಮ್ಮವರು ಹೇಳಿದಾಗ ಮಗುವು ತಪ್ಪು ಮಾಡಿತೆಂದು ಅವರ ಅರ್ಥವಲ್ಲ. ಅದು ಪಡೆದುಕೊಂಡಿದೆಯೆಂದು ಅರ್ಥ. ಕರುಳುಳ್ಳ ಪ್ರಾಣಿಯಾಗಿ ಹುಟ್ಟಿದವನು, ತನ್ನ ಕರುಳಿನಿಂದ ಹೊರಟುದು ನೆರೆಯವನ ಬಾಯಿಗೆ ಹೋಗದಂತೆ ನೋಡಿಕೊಳ್ಳುವ ಹೊಣೆಯನ್ನು ಆಗಲೇ ಹೊತ್ತಿದ್ದಾನೆ. ರೋಗವುಂಟೋ ಇಲ್ಲವೋ ಎಂದು ತಿಳಿದ ಮೇಲೆ ತೀರಿಸುತ್ತೇನೆಂದರೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಪಾಪಕ್ಕೆ ಪ್ರಾಯಶ್ಚಿತ್ತವನ್ನು ಒಬ್ಬನೇ ಮಾಡಿಕೊಳ್ಳಬಹುದು. ಈ ಋಣವನ್ನು ಮಾತ್ರ ಒಬ್ಬನೇ ತೀರಿಸಲಾಗದು. ನನ್ನ ಮನೆಯ ಚರಂಡಿ ನನ್ನ ಹೊಸ್ತಿಲಲ್ಲಿ ಮುಗಿಯುವುದಿಲ್ಲವಷ್ಟೆ. ನಲ್ಲಿಯ ಕೊಳವೆ ಒಡೆದಿದ್ದು ಅದರ ಪಕ್ಕದಲ್ಲಿ ಕೊಳಚೆ ನಿಂತಿದ್ದರೆ, ನೀರು ಬಿಡದ ಹೊತ್ತಿನಲ್ಲಿ ಒತ್ತಡವಿಲ್ಲದ ಕೊಳವೆಯು ಆ ಕೊಳಚೆಯನ್ನೇ ಹೀರಿಕೊಳ್ಳುತ್ತದೆ. ಮನೆಯಲ್ಲಿ ಎಷ್ಟು ಮಡಿಯಾಗಿದ್ದರೇನು? ಸಾಲವನ್ನು ಊರೇ ಕೂಡಿ ಎತ್ತಿದೆ. ಊರೇ ಕೂಡಿ ತೀರಿಸಬೇಕು. ಹಾಗೆಂದು ಎಲ್ಲರ ಪಾಲೂ ಸಮವೆಂದಲ್ಲ. ಮೂರು ದಿನಕ್ಕೊಮ್ಮೆ ನೀರು ಕಾಣುವ ಬೀದಿಯ ಹೆಂಗಸಿಗೆ ಕೈತೊಳೆಯುವ ಉಪದೇಶ ಮಾಡುವುದು, ಹೊಂಡದ ಮೇಲ್ದಂಡೆಯಲ್ಲಿ ಕುಳಿತವನು ಕೆಳಗಿನವನಿಗೆ ಶೌಚವನ್ನು ಬೋಧಿಸಿದಂತೆ. ಮೇಲಿರುವವನ ಪಾಲು ಹೆಚ್ಚು.

ಮ್ಯೂನಿಕ್ಕಿನ ಪೆಟನ್‌ಕೋಫರರ ಪ್ರಸಂಗವು ಈ ವಿಚಾರಕ್ಕೆ ವಿಚಿತ್ರವಾದ ಸಾಕ್ಷಿ. ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯರು 1884ರಲ್ಲಿ ಕಲ್ಕತ್ತೆಯಲ್ಲಿ ರೋಗಿಗಳ ಕರುಳಿನಲ್ಲಿಯೂ ಅಲ್ಲಿನ ಒಂದು ಕೊಳದ ನೀರಿನಲ್ಲಿಯೂ ಈ ಬಾಗಿದ ಕಡ್ಡಿಯನ್ನು ಕಂಡು, ಇದೇ ರೋಗಕಾರಣವೆಂದು ಸಾರಿದರು. ರೋಗಾಣುವೊಂದೇ ಸಾಲದೆಂದು ವಾದಿಸುತ್ತಿದ್ದ ಪೆಟನ್‌ಕೋಫರರು 1892ರ ಅಕ್ಟೋಬರಿನಲ್ಲಿ, 70 ವರ್ಷ ಮೀರಿದ ವಯಸ್ಸಿನಲ್ಲಿ, ಜಠರದ ಆಮ್ಲವನ್ನು ಸೋಡದಿಂದ ಶಮನಗೊಳಿಸಿ ರೋಗಾಣುಗಳು ತುಂಬಿದ ದ್ರವವನ್ನು ಕುಡಿದುಬಿಟ್ಟರು. ಸ್ವಲ್ಪ ಭೇದಿಯಾಯಿತು, ಸಾಯಲಿಲ್ಲ. ಅದೇ ರೀತಿ ಕುಡಿದ ಅವರ ಶಿಷ್ಯರಿಗೆ ಹೆಚ್ಚು ತೊಂದರೆಯಾಯಿತು. ಶಾಸ್ತ್ರದಲ್ಲಿ ಅವರು ಸೋತರೆಂದು ಎಲ್ಲರೂ ಹೇಳುತ್ತಾರೆ. ಆದರೆ ಮ್ಯೂನಿಕ್ ನಗರಕ್ಕೆ ಶುದ್ಧವಾದ ನೀರೂ ಒಳ್ಳೆಯ ಚರಂಡಿಯೂ ಬರುವಂತೆ ದುಡಿದವರೂ ಇವರೇ. ರೋಗಾಣುವನ್ನು ಸರಿಯಾಗಿ ನಂಬದವರು ಋಣವನ್ನು ತೀರಿಸಿದರು. ರೋಗಾಣುವಿನ ಹೆಸರನ್ನು ಶಾಲೆಯಲ್ಲಿಯೇ ಬಾಯಿಪಾಠ ಮಾಡಿದ ನಾವು ಇನ್ನೂ ತೀರಿಸಬೇಕಾಗಿದೆ.

ಕರುಳಿನ ಕಥೆಯಲ್ಲಿ ಒಂದು ಮಾತು ಉಳಿದಿದೆ. ವಿಷವು ಕರುಳಿನ ಬಾಗಿಲುಗಳನ್ನೆಲ್ಲ ಕೆಡಿಸುತ್ತದೆಯೋ ಎಂದರೆ, ಇಲ್ಲ. ಒಂದು ಬಾಗಿಲನ್ನು ಅದು ಮುಟ್ಟುವುದಿಲ್ಲ. ಗ್ಲೂಕೋಸೂ ಸೋಡಿಯಮ್ಮೂ ಜೊತೆಯಾಗಿ ಬಂದರೆ ಮಾತ್ರ ತೆರೆದುಕೊಳ್ಳುವ ಒಂದು ಒಳಬಾಗಿಲು ಕರುಳಿನ ಜೀವಕೋಶಗಳಲ್ಲಿದೆ. ಇದನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬವರು ವಿವರಿಸಿದರು. ಕಾಲರಾದ ಪ್ರವಾಹದ ನಡುವೆಯೂ ಆ ಬಾಗಿಲು ತನ್ನ ಕೆಲಸವನ್ನು ನಡೆಸುತ್ತಿರುತ್ತದೆ. ಉಪ್ಪನ್ನು ಮಾತ್ರ ಕುಡಿಸಿದರೆ ಆಗದು, ಸಕ್ಕರೆಯನ್ನು ಮಾತ್ರ ಕುಡಿಸಿದರೂ ಆಗದು. ಎರಡನ್ನೂ ತಕ್ಕ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಕುಡಿಸಿದರೆ ನೀರು ಅವುಗಳ ಹಿಂದೆ ದೇಹಕ್ಕೆ ಹಿಂದಿರುಗುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವಿನ ಶಿಬಿರದಲ್ಲಿ ನೆಲದ ಮೇಲೆಯೇ ಸಾಯುತ್ತಿದ್ದಾಗ, ರಕ್ತನಾಳಕ್ಕೆ ಕೊಡುವ ದ್ರವವು ತೀರುತ್ತ ಬಂದುದರಿಂದ ಡಾಕ್ಟರ್ ದಿಲೀಪ್ ಮಹಲನೊಬಿಸ್ ಅವರು ಉಪ್ಪು ಸಕ್ಕರೆಗಳ ಪೊಟ್ಟಣಗಳನ್ನು ಕಟ್ಟಿಸಿ, ಪೀಪಾಯಿಗಳಲ್ಲಿ ಕಲಸಿ, ಬಂಧುಗಳ ಕೈಯಲ್ಲಿಯೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಈಗ ಹೊಳಲ್ಕೆರೆಯ ಯಾವ ಔಷಧದ ಅಂಗಡಿಯಲ್ಲಿ ಕೇಳಿದರೂ ಆ ಪೊಟ್ಟಣ ಸಿಕ್ಕುತ್ತದೆ.

ಆ ಶಿಬಿರದಲ್ಲಿ ಕುಡಿಸಿದವರು ತಾಯಂದಿರು, ಅಣ್ಣತಮ್ಮಂದಿರು, ಕೆಲವೊಮ್ಮೆ ಪಕ್ಕದ ಚಾಪೆಯ ಅಪರಿಚಿತರು. ರೋಗಿಯ ವಾಂತಿಯೂ ಭೇದಿಯೂ ಅವರ ಸೆರಗಿಗೆ ತಗಲದೆ ಇರಲಿಲ್ಲ. ಶೌಚದ ಫಲವು ಪರರೊಡನೆ ಅಸಂಸರ್ಗವೆಂಬ ಮಾತನ್ನು ಅವರ ಮುಂದೆ ಆಡಲು ನನಗಂತೂ ಬಾಯಿ ಬಾರದು. ಸೋಂಕಿನ ನಡುವೆ ಕುಳಿತು ಲೋಟವನ್ನು ತುಟಿಗೆ ಹಿಡಿದವಳೂ ಶೌಚವನ್ನೇ ನಡೆಸುತ್ತಿದ್ದಳು. ಸೋಂಕಿನ ದಾರಿಯನ್ನು ತಡೆದು, ಬದುಕಿನ ದಾರಿಯನ್ನು ತೆರೆದಿಟ್ಟು.

ಕಾಲರಾ ಆಸ್ಪತ್ರೆಗಳಲ್ಲಿ ಬಳಸುವ ಮಂಚವು ಬಹಳ ಸರಳವಾದದ್ದು. ಕ್ಯಾನ್ವಾಸಿನ ನಡುವೆ ಒಂದು ರಂಧ್ರ, ಅದರ ಕೆಳಗೆ ಅಳತೆಯ ಗೀಟುಗಳುಳ್ಳ ಒಂದು ಬಕೆಟ್ಟು. ಎಷ್ಟು ಹೊರಹೋಯಿತೆಂದು ನೋಡಿ ಅಷ್ಟನ್ನು ರೋಗಿಗೆ ಹಿಂದಕ್ಕೆ ಕೊಡುತ್ತಾರೆ. ಅಲ್ಲಿಗೆ ವೈದ್ಯರ ಲೆಕ್ಕ ಸರಿಹೋಗುತ್ತದೆ. ಆಮೇಲೆ ಒಬ್ಬರು ಬಂದು ಆ ಬಕೆಟ್ಟಿಗೆ ಬ್ಲೀಚಿಂಗ್ ಪುಡಿ ಬೆರೆಸಿ, ಸಾಕಷ್ಟು ಹೊತ್ತು ಬಿಟ್ಟು, ಅದನ್ನು ಎತ್ತಿಕೊಂಡು ಹೊರಗೆ ನಡೆಯುತ್ತಾರೆ. ಅದನ್ನು ಎಲ್ಲಿ ಬರಿದುಮಾಡುತ್ತಾರೆ, ಅಲ್ಲಿಂದ ಇಳಿಜಾರು ಯಾರ ಬಾವಿಯ ಕಡೆಗಿದೆ ಎಂಬುದನ್ನು ಹಾಸಿಗೆಯ ಮೇಲಿರುವವನು ಕೇಳಲಾರನು. ಅವನ ಪರವಾಗಿ ಕೇಳಬೇಕಾದವರು ಹೊರಗಿದ್ದಾರೆ.